ಗಾಯ ನೋಡಲು ಬಂದವರು

ನೋಡಲು ಬಂದವರಿಗೆ ಗಾಯದಷ್ಟು ಅನುಕೂಲವಾದ ಕಾಯಿಲೆ ಇನ್ನೊಂದಿಲ್ಲ. ಸಕ್ಕರೆ ಕಾಯಿಲೆಯವರನ್ನು ನೋಡಲು ಹೋದವರು ಏನನ್ನು ನೋಡಬೇಕು? ಬಿ.ಪಿ. ಅಂತೂ ಮುಖದಲ್ಲಿ ಕಾಣುವುದಿಲ್ಲ. ಎದೆನೋವಿನವರ ಮನೆಗೆ ಹೋದರೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಕೂತು, ಕೊಟ್ಟ ಕಾಫಿ ಕುಡಿದು, ಕಿತ್ತಳೆ ಹಣ್ಣಿನ ಚೀಲವನ್ನು ಟೀಪಾಯಿ ಮೇಲಿಟ್ಟು ಬರಬೇಕಾಗುತ್ತದೆ. ಗಾಯ ಹಾಗಲ್ಲ. ಅಲ್ಲಿ ನೋಡುವುದಕ್ಕೆ ಏನೋ ಒಂದಿದೆ. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದ ಹಾಗೆಯೇ, ಎಲ್ಲಿ, ತೋರಿಸಿ ನೋಡೋಣ, ಅನ್ನುತ್ತಾರೆ. ತೋರಿಸದಿದ್ದರೆ ಅಷ್ಟು ದೂರದಿಂದ ಬಸ್ಸು ಹತ್ತಿ ಬಂದವರಿಗೆ ಅವಮಾನ ಮಾಡಿದ ಹಾಗೆ. ನಮ್ಮ ಮನೆಯಲ್ಲಿ ಬಹಳ ಕಾಲ ಬಂದವರಿಗೆಲ್ಲ ಕಾಫಿಯ ಜೊತೆಗೆ ನಮ್ಮ ಯಜಮಾನರ ಅಂಗಾಲನ್ನೂ ತೋರಿಸಿದೆವು. ಅವರು ಈಗ ಇಲ್ಲ. ಹೋಗಿದ್ದು ಆ ಗಾಯದಿಂದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಹಾಗೆಯೇ ಅಂದುಕೊಳ್ಳುತ್ತಾರೆ, ಅದನ್ನು ಮಾತ್ರ ನನ್ನಿಂದ ಸಹಿಸಲು ಆಗುವುದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು. ಇವರು ಹೋದ ಮೇಲೆ ನಾನು ಬರೀ ಕಿಟಕಿಯ ಹತ್ತಿರ ಕೂತಿರುವುದನ್ನು ನೋಡಿ ಭಜನಾ ಮಂಡಳಿಯ ಗೆಳತಿಯೊಬ್ಬರು, ಸುಮ್ಮನೆ ಕೂರಬೇಡಿ, ಅವರ ಬಗ್ಗೆ ಏನಾದರೂ ಬರೆಯಿರಿ, ಮನಸ್ಸು ಹಗುರಾಗುತ್ತದೆ ಅಂದರು. ಸರಿ ಎಂದು ಕೂತೆ. ಇಷ್ಟು ವರ್ಷದ ಸಂಸಾರದಲ್ಲಿ ಬರೆಯಬಹುದಾದದ್ದು ಎಷ್ಟೋ ಇರಬೇಕು. ಅವರು ಎಷ್ಟು ಒಳ್ಳೆಯವರು, ಎಷ್ಟು ಪ್ರಾಮಾಣಿಕರು ಎಂದೆಲ್ಲ ಬರೆಯುವುದು ಕ್ರಮ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಅವರ ಬಲ ಅಂಗಾಲೇ ಎದುರಿಗೆ ಬರುತ್ತದೆ. ಮುಖಕ್ಕಿಂತ ಹೆಚ್ಚಾಗಿ ಕೊನೆಕೊನೆಗೆ ನಾನು ನೋಡಿದ್ದು ಅದನ್ನೇ. ಹಾಗಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ್ದನ್ನು ತೆಗೆದು ನೋಡುವುದೇ ಅವರ ಕೆಲಸ. ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಆಚೆಗೆ. ರಿಟೈರಾದ ಮೇಲೆ ಆ ಕೆಲಸವನ್ನು ಅವರು ಮನೆಯಲ್ಲಿ ಮುಂದುವರಿಸಿದರು. ಉದ್ದಿನ ವಡೆಯನ್ನು ಬೆಳಕಿಗೆ ಹಿಡಿದು, ತೂತು ಮಧ್ಯದಲ್ಲೇ ಇದೆಯೇ ಎಂದು ನೋಡಿ ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಾರು ಕುದಿಯುತ್ತಿದ್ದರೆ ಮುಚ್ಚಳ ತೆಗೆಯದೆ ಅಡಿಗೆಮನೆ ದಾಟಿದವರಲ್ಲ. ಕುಕ್ಕರಿನ ಮುಚ್ಚಳವನ್ನು ಹೊರಗಿನಿಂದ ತೆಗೆಯಲಾಗುವುದಿಲ್ಲ ಎಂಬುದು ಅವರಿಗೆ ಕೊನೆಯವರೆಗೂ ಒಂದು ಬೇಸರ. ಒಳಗೆ ಏನಾಗುತ್ತಿದೆ ಎಂದು ನೋಡದೆ ಹೇಗಿರುತ್ತೀಯೆ ನೀನು, ಎಂದು ನನ್ನನ್ನೇ ಕೇಳುತ್ತಿದ್ದರು.

ನಮ್ಮ ಮನೆ ತುಮಕೂರು ರಸ್ತೆಯಲ್ಲಿ ಮಾಕಳಿಯ ಹತ್ತಿರ, ಕಾರ್ಖಾನೆಯವರ ಗೃಹನಿರ್ಮಾಣ ಸಂಘ ಹಂಚಿದ ಸೈಟಿನಲ್ಲಿದೆ. ಸುತ್ತ ಇರುವವರೆಲ್ಲ ಒಂದೇ ಕಂಪನಿ ಬಸ್ಸಿನಲ್ಲಿ ಓಡಾಡಿದವರು. ಅವರಲ್ಲಿ ಗಂಗಣ್ಣ ನಮ್ಮವರಿಗೆ ತೀರ ಹತ್ತಿರ. ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು, ಬೇಗನೆ ಕೆಲಸ ಬಿಟ್ಟು ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಹಾಕಿಕೊಂಡಿದ್ದರು. ಕಾರ್ಖಾನೆಯಲ್ಲಿ ಗಂಗಣ್ಣ ಮಾಡಿದ್ದನ್ನು ನಮ್ಮವರು ನೋಡುವುದು, ಇದು ಸರಿಯಿಲ್ಲ ಅನ್ನುವುದು, ಅವರು ಜಗಳಕ್ಕೆ ಬರುವುದು, ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುವುದು, ಹೀಗೆ ಬೆಳೆದ ಸ್ನೇಹ. ರಿಟೈರಾದ ಮೇಲೆ ನಮ್ಮವರು ಹೊತ್ತು ಹೋಗದೆ ಆ ವರ್ಕ್‌ಶಾಪಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತು, ಯಾರೂ ಕೇಳದಿದ್ದರೂ ಅಲ್ಲಿಯ ಮಾಲನ್ನೆಲ್ಲ ಪರೀಕ್ಷೆ ಮಾಡಿ ಬರುತ್ತಿದ್ದರು.

ಲೇತ್ ಮೇಲೆ ಕಬ್ಬಿಣ ಕೊರೆದಾಗ ಸುರುಳಿಸುರುಳಿಯಾಗಿ ಚೂರುಗಳು ಉದುರುತ್ತವೆ. ಪೀಣ್ಯದ ರಸ್ತೆಗಳಲ್ಲೂ ಅವು ಮಣ್ಣಿನ ಹಾಗೆ ಬಿದ್ದಿರುತ್ತವೆ. ಒಂದು ಸಂಜೆ ಇವರು ಮನೆಗೆ ಬಂದು ಅಡಿಗೆಮನೆಗೆ ಹೋಗಿ, ಅಭ್ಯಾಸದಂತೆ ಮುಚ್ಚಳ ತೆಗೆದು ನೋಡಿ, ಹಾಲಿಗೆ ಬಂದು ಕೂತರು. ನೆಲದ ಮೇಲೆಲ್ಲ ಕೆಂಪು ಬೊಟ್ಟುಗಳು. ಕುಂಕುಮದ ಬಟ್ಟಲು ಚೆಲ್ಲಿಕೊಂಡೆನೇನೋ ಎಂದು ನಾನು ದೇವರ ಮನೆಗೆ ಓಡಿದೆ. ಕಬ್ಬಿಣದ ಸುರುಳಿಯೊಂದು ಚಪ್ಪಲಿಯನ್ನು ತೂರಿ ಬಲಗಾಲ ಹೆಬ್ಬೆರಳಿನ ಬುಡಕ್ಕೆ ಚುಚ್ಚಿಕೊಂಡು ಅವರ ಜೊತೆಗೆ ಬಸ್ಸಿನಲ್ಲಿ ಬಂದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಅವರ ಪಾದದ ಅರಿವನ್ನು ಯಾವಾಗಲೋ ತಿಂದುಹಾಕಿತ್ತು. ಊರಿನ ಮಾಲನ್ನೆಲ್ಲ ತಿರುಗಿಸಿ ನೋಡುವ ಮನುಷ್ಯ ತಮ್ಮ ಅಂಗಾಲನ್ನು ಮಾತ್ರ ಎಂದೂ ತಿರುಗಿಸಿ ನೋಡಿಕೊಂಡವರಲ್ಲ.

ಮೊದಮೊದಲು ಅರಿಶಿನ ಹಚ್ಚಿದೆವು. ಆಮೇಲೆ ಯಾರೋ ಹೇಳಿದರೆಂದು ಕಾಫಿಪುಡಿ ಒತ್ತಿದೆವು. ಗಾಯ ಕಾಫಿಪುಡಿಯನ್ನೂ ಕುಡಿದು ದೊಡ್ಡದಾಯಿತು. ಕೊನೆಗೆ ಆಸ್ಪತ್ರೆಗೆ ಹೋದಾಗ ಸರ್ಜನ್ನು ಕಡ್ಡಿಯಲ್ಲಿ ಒಳಗೆ ಕೆದಕಿ ನೋಡಿ, ಮೂಳೆಗೆ ಇನ್ನೂ ಹೋಗಿಲ್ಲ, ಹೋದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೂ ನಿಲ್ಲದಿದ್ದರೆ ಇಲ್ಲಿಯವರೆಗೆ, ಎಂದು ಪೆನ್ನಿನಲ್ಲಿ ಪಾದದ ಮೇಲೆ ಗೆರೆ ಎಳೆದು ತೋರಿಸಿದರು. ನಮಗೆ ತಿಳಿಯಲಿ ಎಂದೇ ಎಳೆದಿದ್ದು, ಕೆಟ್ಟ ಮನುಷ್ಯರೇನಲ್ಲ. ಆದರೆ ಮನೆಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ನೀಲಿ ಗೆರೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದ್ದು. ಇವರು, ಮೆಲ್ಲಗೆ ಕಣೆ, ಚರ್ಮ ಕಿತ್ತು ಬಂದೀತು, ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಹೆಬ್ಬೆರಳು ಉಳಿಯಬೇಕೆನ್ನುವುದು ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ.

ಗಾಯಕ್ಕೆ ಕಟ್ಟುವುದು ಅಂದರೆ ನನಗೆ ಗೊತ್ತಿದ್ದದ್ದು ಹತ್ತಿ, ಬಿಳಿ ಬ್ಯಾಂಡೇಜು, ಉರಿಯುವ ಟಿಂಚರು. ಔಷಧಿ ಅಂಗಡಿಯಲ್ಲಿ ಅದಕ್ಕೇ ಒಂದು ಬೀರುವಿದೆ ಎಂದು ಈಗಲೇ ತಿಳಿದಿದ್ದು. ಪಾತ್ರೆ ಉಜ್ಜುವ ಸ್ಪಂಜಿಗಿಂತ ಮೆತ್ತಗಿರುವ ಫೋಮಿನ ಚೌಕಗಳು, ಕೀವನ್ನು ಹೀರಿ ಲೋಳೆಯಾಗುವ ಕಡಲ ಪಾಚಿಯ ಪಟ್ಟಿಗಳು, ಜೇನು ತುಂಬಿದ ಟ್ಯೂಬು, ಬೆಳ್ಳಿ ಬೆರೆಸಿದ ಜಾಲರಿ. ಮನೆಯ ಡಬ್ಬಿಯಲ್ಲಿ ಇರುವೆ ಹತ್ತಿದ ಜೇನೇ ಇರುವಾಗ ಇದೇಕೆ ಎಂದು ನಾನು ಕೇಳಿ, ಅದು ತಿನ್ನುವುದಕ್ಕೆ, ಇದು ಗಾಯಕ್ಕೆಂದೇ ಶುದ್ಧ ಮಾಡಿದ್ದು, ಅದನ್ನು ಹಚ್ಚಿಬಿಟ್ಟೀರಿ ಎಂದು ಅಂಗಡಿಯವರಿಂದ ಬೈಸಿಕೊಂಡೆ. ಬೆಳ್ಳಿಯ ಜಾಲರಿ ಹಾಕಿದ ದಿನ ಇವರಿಗೆ ಬಹಳ ನಗು. ಮದುವೆ ದಿನ ನಿನ್ನ ಕಾಲ್ಬೆರಳಿಗೆ ಬೆಳ್ಳಿ ಹಾಕಿದ್ದೆನಲ್ಲ, ನೋಡು, ಆ ಸಾಲ ಈಗ ತೀರಿತು, ಅಂದರು. ನಾನೂ ನಕ್ಕೆ. ನನ್ನ ಕಾಲುಂಗುರಗಳು ಈಗ ಬೀರುವಿನಲ್ಲಿವೆ.

ಗಾಯಕ್ಕೆ ಕಟ್ಟಲು ಮನೆಗೇ ಬರುತ್ತಿದ್ದವರು ರೇಣುಕಾ ಸಿಸ್ಟರ್. ಗದಗದ ಕಡೆಯವರು, ಮಾದನಾಯಕನಹಳ್ಳಿಯಲ್ಲಿ ಬಾಡಿಗೆಗಿದ್ದಾರೆ. ಗಾಯ ಒಣಗಬೇಕೆಂದು ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದರೆ, ಅವರು, ಒಳಗೆ ಹದವಾದ ತೇವ ಇರಬೇಕು, ಆ ತೇವದಲ್ಲೇ ಹೊಸ ಚರ್ಮ ಹಬ್ಬಿಕೊಂಡು ಬರುವುದು, ಸುಮ್ಮಸುಮ್ಮನೆ ತೆರೆದರೆ ಬಂದದ್ದೂ ಕಿತ್ತು ಹೋಗುತ್ತದೆ ಎಂದು ಹೇಳಿದರು. ತಾವು ಮತ್ತೆ ಬರುವ ತನಕ ಫೋಮನ್ನು ಮುಟ್ಟಲೇಬಾರದೆಂದರು. ನಾವು ತಲೆಯಾಡಿಸಿದೆವು. ಸಿಸ್ಟರ್ ಗೇಟು ದಾಟುತ್ತಿದ್ದ ಹಾಗೆ ಯಾರಾದರೂ ಒಬ್ಬರು ಒಳಗೆ ಬರುತ್ತಿದ್ದರು.

ಬಂದವರಿಗೆ ಇಲ್ಲವೆನ್ನುವುದು ಹೇಗೆ? ಕಂಪನಿ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಪಕ್ಕದಲ್ಲಿ ಕೂತು ನಿದ್ದೆ ಮಾಡಿದವರು, ನನ್ನ ಚಿಕ್ಕಮ್ಮ, ಭಜನೆಯವರು. ಫೋಮಿನ ಅಂಚಿಗೇ ಅಂಟು ಇರುತ್ತದೆ. ಇವರು ಉಗುರಿನಲ್ಲಿ ಒಂದು ಮೂಲೆಯನ್ನು ಜಾಣತನದಿಂದ ಎಬ್ಬಿಸಿ, ಬಾಗಿಲು ತೆರೆದ ಹಾಗೆ ತೆರೆದು, ನೋಡಿದಿರಾ, ಎಂದು ಮತ್ತೆ ಮುಚ್ಚುತ್ತಿದ್ದರು. ನೋಡಿದವರು ಲೊಚ್ಚೆನ್ನುತ್ತಿದ್ದರು. ಒಬ್ಬರು ತುಂಬೆ ಸೊಪ್ಪು, ಇನ್ನೊಬ್ಬರು ಸುಟ್ಟ ಕೊಬ್ಬರಿಯ ಕರಿ ಹಚ್ಚಲು ಹೇಳುತ್ತಿದ್ದರು. ನಮ್ಮ ಮಾವನಿಗೂ ಹೀಗೇ ಆಗಿತ್ತು, ಪಾಪ, ಎಂದು ಶುರುಮಾಡಿ ಆ ಮಾವನ ಕಥೆಯನ್ನು ಮೊಣಕಾಲಿನವರೆಗೂ ತೆಗೆದುಕೊಂಡು ಹೋಗುವವರು ಮತ್ತೊಬ್ಬರು. ಇವರು ಎಲ್ಲವನ್ನೂ ಗಂಭೀರವಾಗಿ ಕೇಳುತ್ತಿದ್ದರು. ಬೇರೆಯವರ ಮಾಲನ್ನು ನೋಡಿದ ಜೀವಕ್ಕೆ ತಮ್ಮದೊಂದನ್ನು ತೋರಿಸುವ ಭಾಗ್ಯ ಇಳಿವಯಸ್ಸಿನಲ್ಲಿ ಬಂದಿತ್ತು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ಗಂಗಣ್ಣ. ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು ಹೋಗುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಕೈಯ ಗ್ರೀಸನ್ನು ಸೋಪು ಹಾಕಿ ತೊಳೆದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಸ್ನೇಹಿತನ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಕನ್ನಡಕ ಹಣೆಗೇರಿಸಿ ಫೋಮನ್ನು ಎತ್ತಿ ನೋಡಿ, ಮತ್ತೆ ಮುಚ್ಚಿ ಒತ್ತುತ್ತಿದ್ದರು. ಅಂಟು ಸವೆದು ಫೋಮು ನಿಲ್ಲದಾದಾಗ ಜೇಬಿನಿಂದ ಕರೆಂಟು ವೈರಿಗೆ ಸುತ್ತುವ ಕರಿ ಇನ್ಸುಲೇಷನ್ ಟೇಪು ತೆಗೆದು, ನಾಲ್ಕೂ ಅಂಚಿಗೆ ಸುಕ್ಕಿಲ್ಲದಂತೆ ಸುತ್ತಿದರು. ನೋಡಲು ಚೆನ್ನಾಗಿಯೇ ಇತ್ತು. ಇವರು ಅದನ್ನು ಈ ಕಡೆ ಆ ಕಡೆ ತಿರುಗಿಸಿ, ಪಾಸು ಕಣೋ, ಅಂದರು.

ರೇಣುಕಾ ಸಿಸ್ಟರ್ ಆ ಟೇಪನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಕೇಳಿದರು:

"ಕರೆಂಟ್ ಏನರ ಲೀಕ್ ಆಗಾಕತ್ತಿತ್ತೇನ್ರೀ ಅಜ್ಜಾರ?"

ಇವರು ಚಾವಣಿಯ ಫ್ಯಾನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಸಿಸ್ಟರ್ ಟೇಪು ಬಿಡಿಸಿ ಫೋಮು ತೆಗೆದರು. ಅಂಚಿನಲ್ಲಿ ಬಂದಿದ್ದ ತೆಳುವಾದ ಗುಲಾಬಿ ಚರ್ಮ ಒಂದು ಕಡೆ ಅದರ ಜೊತೆಗೇ ಎದ್ದು ಬಂತು. ಅದನ್ನು ನನಗೆ ತೋರಿಸಿದರು. ಅವರ ದನಿ ಜೋರಾಗಲಿಲ್ಲ.

"ಇದು ನಿಮ್ಮ ಫ್ಯಾಕ್ಟರಿ ಮಾಲಲ್ಲ್ರೀ, ತೆಗೆದ್ ತೆಗೆದ್ ನೋಡಾಕ. ನೀವು ನೋಡಿದಷ್ಟೂ ಇದು ಮಾಯೂದಿಲ್ಲ. ಹಿಂಗ ಮಾಡಿದ್ರ ಹೆಬ್ಬಟ್ಟು ಉಳ್ಯೂದಿಲ್ಲ, ಈಗ ಹೇಳೇನಿ."

ಅವರು ಹೋದ ಮೇಲೆ ನಮ್ಮವರು, ಅಂದರೆ ನೋಡದೇ ಇದ್ದರೆ ಮಾತ್ರ ಸರಿಹೋಗುತ್ತದೆಯೇ, ಇದೆಂಥ ಪದ್ಧತಿ, ಎಂದು ತಮ್ಮಷ್ಟಕ್ಕೆ ಬಹಳ ಹೊತ್ತು ಗೊಣಗಿದರು. ಅವರ ಇಡೀ ನೌಕರಿಗೆ ವಿರುದ್ಧವಾದ ಮಾತು ಅದು. ನಾನು ಅಂದಿನಿಂದ ಕಾವಲಿಗೆ ನಿಂತೆ. ಜೀವನದಲ್ಲಿ ಯಾರಿಗೂ ಎದುರು ಮಾತಾಡಿದವಳಲ್ಲ. ಬಾಗಿಲಲ್ಲೇ ಕಾಫಿ ಲೋಟ ಹಿಡಿದು, ಸಿಸ್ಟರು ಬೇಡ ಅಂದಿದಾರೆ, ಸಿಸ್ಟರು ಬಯ್ಯುತ್ತಾರೆ, ಎಂದು ಆ ಹುಡುಗಿಯ ಮೇಲೆ ಹಾಕಿ ಹೇಳಲು ಕಲಿತೆ. ವೈಟ್‌ಫೀಲ್ಡಿನಲ್ಲಿರುವ ಮಗಳು ಒಂದು ಉಪಾಯ ಹೇಳಿಕೊಟ್ಟಳು. ಸಿಸ್ಟರ್ ಫೋಮು ಬದಲಾಯಿಸುವಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು ಬಂದವರಿಗೆ ಅದನ್ನು ತೋರಿಸುವುದು. ಇದು ಸ್ವಲ್ಪ ನಡೆಯಿತು. ಆದರೆ ಫೋಟೋ ನೋಡುವವರ ಬೆರಳು ಒಂದು ಕಡೆ ನಿಲ್ಲುವುದಿಲ್ಲ. ಗಾಯಕ್ಕೆ ಲೊಚ್ಚೆಂದು, ಬೆರಳು ಸರಿಸಿ, ಮುಂದೆ ಬಂದ ಮೊಮ್ಮಗಳ ಹುಟ್ಟುಹಬ್ಬದ ಕೇಕಿಗೂ ಅದೇ ಮುಖದಲ್ಲಿ ಲೊಚ್ಚೆಂದು ಫೋನು ವಾಪಸು ಕೊಡುತ್ತಿದ್ದರು.

ಗಂಗಣ್ಣ ಫೋಟೋ ನೋಡಲು ಒಪ್ಪಲಿಲ್ಲ. ಫೋನನ್ನು ಕೈಯಲ್ಲೂ ಹಿಡಿಯದೆ, ಫೋಟೋದಾಗೆ ಆಳ ಗೊತ್ತಾಗಲ್ಲ ಕಣಮ್ಮ, ಎಂದು ಪಾದಕ್ಕೆ ಕೈ ಹಾಕಿದರು. ನಾನು ಅವರ ಕೈಯನ್ನು ಹಿಡಿದೆ. ಅಣ್ಣನ ಸ್ಥಾನದಲ್ಲಿರುವವರ ಕೈಯನ್ನು ಹಾಗೆ ತಡೆದಿದ್ದು ಅದೇ ಮೊದಲು. ಬೇಡ ಗಂಗಣ್ಣ, ನೀವು ಎತ್ತಿದಾಗಲೇ ಚರ್ಮ ಕಿತ್ತು ಬಂದಿದ್ದು, ಎಂದುಬಿಟ್ಟೆ. ಹಾಗೆ ಹೇಳಬೇಕೆಂದಿರಲಿಲ್ಲ. ಅಷ್ಟು ಜನ ಎತ್ತಿದ್ದರು, ಎಲ್ಲರಿಗಿಂತ ಮೊದಲು ಎತ್ತಿದವರು ನಮ್ಮವರೇ. ಗಂಗಣ್ಣ ಕೈ ಹಿಂದಕ್ಕೆ ತೆಗೆದುಕೊಂಡು ನೆಲವನ್ನೇ ನೋಡುತ್ತಾ ಕೂತರು.

"ನನ್ ಶಾಪಲ್ಲೇ ಚುಚ್ಚಿದ್ದು ತಂಗ್ಯಮ್ಮ. ನೆಲ ಗುಡಿಸ್ಬೇಕಾಗಿದ್ದು ನಾನು. ಮಾಯ್ತಾ ಐತೋ ಇಲ್ವೋ ಅಂತ ಕಣ್ಣಾರೆ ನೋಡ್ದೆ ಹೋದ್ರೆ ನಂಗೆ ಅನ್ನ ಸೇರಕ್ಕಿಲ್ಲ."

ಇವರು, ಲೇ, ಪೀಣ್ಯದ ರಸ್ತೇಲಿ ಎಲ್ಲಿ ಚುಚ್ಚಿತೋ ಯಾರಿಗೆ ಗೊತ್ತು, ನಿನ್ನ ಮಾಲು ಯಾವಾಗಲೂ ರಿಜೆಕ್ಟೇ, ಇಷ್ಟು ಚೂಪಾದ್ದು ನಿನ್ನ ಲೇತಲ್ಲಿ ಎಲ್ಲಿ ಬರುತ್ತೆ, ಅಂದರು. ಬೇರೆ ಯಾವತ್ತಾದರೂ ಆ ಮಾತಿಗೆ ದೊಡ್ಡ ಜಗಳ ಆಗುತ್ತಿತ್ತು. ಅವತ್ತು ಗಂಗಣ್ಣ ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಆಮೇಲೆ ಅವರು ಒಳಗೆ ಬರಲಿಲ್ಲ. ಬರುವುದನ್ನು ಬಿಡಲೂ ಇಲ್ಲ. ಸಂಜೆ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ, ಇಳಿಯದೆ, ಎಂಗೈತೆ, ಎಂದು ಕೂಗುತ್ತಿದ್ದರು. ಇವರು ವರಾಂಡದಲ್ಲಿ ಕಾಲನ್ನು ಮಣೆಯ ಮೇಲೆ ನೀಡಿಕೊಂಡು ಕೂತಲ್ಲಿಂದಲೇ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಕೈಯದು. ಸ್ಕೂಟರ್ ಹೊರಟುಹೋಗುತ್ತಿತ್ತು. ಒಂದು ಸಲ ನಾನೇ ಗೇಟಿನವರೆಗೆ ಹೋಗಿ, ನನ್ನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಒಳಗೆ ಬನ್ನಿ, ಎಂದು ಕೇಳಿಕೊಂಡೆ. ಬ್ಯಾಡ ತಂಗ್ಯಮ್ಮ, ಒಳಿಕ್ಕೆ ಬಂದ್ರೆ ನನ್ ಕೈ ಸುಮ್ನಿರಲ್ಲ, ಎಂದರು. ಕೋಪದಿಂದ ಹೇಳಿದ್ದಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಯಾರೂ ನೋಡದ ಗಾಯ ಮೆಲ್ಲಗೆ ತುಂಬಿಕೊಳ್ಳತೊಡಗಿತು. ಹೀಗೆ ಬರೆಯುವಾಗ ಸುಲಭವಾಗಿ ಕಾಣುತ್ತದೆ. ಆಗ ಹಾಗಿರಲಿಲ್ಲ. ಸಿಸ್ಟರ್ ಫೋಮು ತೆಗೆಯುವಾಗಲೆಲ್ಲ ನಾನು ದೇವರ ಮನೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ, ಅವರು, ಛಲೋ ಐತ್ರೀ, ಅಂದ ಮೇಲೆ ತಿರುಗುತ್ತಿದ್ದೆ. ನಡುವೆ ಒಮ್ಮೆ ವಾಸನೆ ಬಂದು ಮತ್ತೆ ಬೆಳ್ಳಿಗೆ ಹೋದೆವು, ಮತ್ತೆ ಪಾಚಿ, ಮತ್ತೆ ಫೋಮು. ಇವರು ಅನ್ನ ಬಿಟ್ಟರು, ಸಿಹಿ ಬಿಟ್ಟರು, ನಡೆಯುವುದನ್ನೂ ಬಿಟ್ಟರು. ಅಡಿಗೆಮನೆಗೆ ಬಂದು ಮುಚ್ಚಳ ತೆಗೆಯುವವರಿಲ್ಲದೆ ಸಾರು ತನ್ನಷ್ಟಕ್ಕೆ ಕುದಿಯುತ್ತಿತ್ತು. ನಾನೇ ಒಂದು ಸೌಟು ಬಟ್ಟಲಲ್ಲಿ ಹಾಕಿಕೊಂಡು ವರಾಂಡಕ್ಕೆ ಹೋಗಿ ತೋರಿಸಿ ಬರುತ್ತಿದ್ದೆ. ಉಪ್ಪು ಒಂದು ಕಲ್ಲು ಕಡಿಮೆ, ಅನ್ನುತ್ತಿದ್ದರು.

ಕೊನೆಗೊಂದು ದಿನ ಸಿಸ್ಟರ್ ಫೋಮು ತೆಗೆದರು, ಹೊಸದನ್ನು ಹಾಕಲಿಲ್ಲ. ನೋಡ್ಕೋರಿ ಅಜ್ಜಾರ, ಇನ್ನ ಬೇಕಾದಷ್ಟು ನೋಡ್ಕೋರಿ, ಎಂದರು. ನಾನು ಕೈಗನ್ನಡಿ ಹಿಡಿದೆ. ಇವರು ಕಾಲನ್ನು ಬೆಳಕಿಗೆ ತಿರುಗಿಸಿ, ಕನ್ನಡಿಯಲ್ಲಿ ತಮ್ಮ ಅಂಗಾಲನ್ನು ವಡೆಯನ್ನು ನೋಡಿದ ಹಾಗೆ ನೋಡಿದರು. ಅಲ್ಲೊಂದು ಹೊಳೆಯುವ ಗುಲಾಬಿ ಕಲೆ, ಅಷ್ಟೇ. ಸಿಸ್ಟರ್ ಹೋದ ಮೇಲೆ ಅಂದರು:

"ಗಂಗನಿಗೆ ಫೋನಲ್ಲಿ ಹೇಳಬೇಡ ಕಣೆ. ಬರಲಿ ಅವನು. ಕಾಲು ಅವನ ತೊಡೆ ಮೇಲೇ ಇಡ್ತೀನಿ."

ಗಂಗಣ್ಣ ಆಗ ಊರಿನಲ್ಲಿರಲಿಲ್ಲ. ಕುಣಿಗಲ್ ಕಡೆ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಅವರು ಬರುವುದಕ್ಕೆ ಮೊದಲು, ಒಂದು ಬೆಳಿಗ್ಗೆ ಇವರು ಕಾಫಿ ಲೋಟ ಕೆಳಗಿಟ್ಟು, ಎದೆಯಲ್ಲಿ ಏನೋ ಹಿಡಿದ ಹಾಗಿದೆ, ಎಂದರು. ನಾನು ನೀರು ತರುವುದರೊಳಗೆ ಗೋಡೆಗೆ ಒರಗಿದ್ದರು. ಆ ಬಗ್ಗೆ ಇಷ್ಟೇ ಬರೆಯಬಲ್ಲೆ.

ಹಾಲಿನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬಿಳಿ ಪಂಚೆ ಹೊದಿಸಿ, ಸಂಪ್ರದಾಯದಂತೆ ಎರಡೂ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ದಾರದಿಂದ ಕಟ್ಟಿದ್ದರು. ಕಟ್ಟುವುದಕ್ಕೆ ಎರಡೂ ಇದ್ದವು. ಅದನ್ನು ಗಮನಿಸಿದ್ದು ನಾನೊಬ್ಬಳೇ ಇರಬೇಕು. ಬಂದವರು ಹಾರ ಹಾಕುತ್ತಿದ್ದರು, ಕಾಲಿಗೆ ನಮಸ್ಕಾರ ಮಾಡುತ್ತಿದ್ದರು, ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ, ಆ ಗಾಯವೇ ಏರಿರಬೇಕು, ಪಾಪ, ಎಂದು ಮಾತಾಡಿಕೊಳ್ಳುತ್ತಿದ್ದರು. ನನಗೆ ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಗಂಗಣ್ಣ ಬಂದರು. ಬಸ್ ಸ್ಟ್ಯಾಂಡಿನಿಂದ ನೇರವಾಗಿ ಬಂದಿದ್ದರು, ಕೈಯಲ್ಲಿ ಚೀಲ ಹಾಗೇ ಇತ್ತು. ತಲೆಯ ಕಡೆ ಹೋಗಲಿಲ್ಲ. ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಒಮ್ಮೆ ನನ್ನ ಮುಖ ನೋಡಿದರು. ಅಪ್ಪಣೆ ಕೇಳುತ್ತಿದ್ದಾರೆಂದು ತಿಳಿಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನೋಡಿ ಗಂಗಣ್ಣ, ಅಂದೆ. ಅವರು ಹಾರ ಸರಿಸಿ, ಪಂಚೆಯ ಅಂಚನ್ನು ಮೇಲಕ್ಕೆ ಮಡಿಸಿ, ಕನ್ನಡಕವನ್ನು ಹಣೆಗೇರಿಸಿದರು. ಮಶೀನಿನಿಂದ ಇಳಿದ ಮಾಲು ನಯವಾಗಿದೆಯೋ ಇಲ್ಲವೋ ಎಂದು ಲೇತಿನ ಕೆಲಸದವರೆಲ್ಲ ಹೆಬ್ಬೆರಳಿನ ಉಗುರಿನಲ್ಲಿ ಸವರಿ ನೋಡುತ್ತಾರೆ. ಹಾಗೆಯೇ ಆ ಕಲೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ಸಲ ಸವರಿದರು.

"ಮಾಯ್ದೈತೆ ತಂಗ್ಯಮ್ಮ," ಅಂದರು. "ಎಲ್ಲೂ ತಡೀತಾ ಇಲ್ಲ."

ಆಮೇಲೆ ಆ ಪಾದವನ್ನೇ ಹಿಡಿದುಕೊಂಡು ಅತ್ತರು.

ನಾನು ಅಳಬೇಕಾದ ಹೊತ್ತು ಅದು. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಆದರೆ ನನಗೆ ಆ ಗಳಿಗೆಯಲ್ಲಿ ಏನೋ ಒಂದು ಹೆಮ್ಮೆ ಬಂದುಬಿಟ್ಟಿತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎದ್ದು ಹೋಗಿ ನಮ್ಮವರ ಕಾಲ ಬಳಿಯೇ ಕೂತೆ. ಆಮೇಲೆ ನಮಸ್ಕಾರಕ್ಕೆ ಬಗ್ಗಿದವರಿಗೆಲ್ಲ ಹಾರ ಸರಿಸಿ, ನೋಡಿ, ಇಲ್ಲಿ, ಪೂರ್ತಿ ಮಾಯ್ದಿತ್ತು, ಎಂದು ತೋರಿಸಿದೆ. ಕಂಪನಿ ಬಸ್ಸಿನವರಿಗೆ ತೋರಿಸಿದೆ. ಮೊಣಕಾಲಿನ ಮಾವನ ಕಥೆಯವರಿಗೆ ಎರಡೆರಡು ಸಲ ತೋರಿಸಿದೆ. ಬಾಗಿಲಲ್ಲಿ ಅಡ್ಡ ನಿಂತು, ಸಿಸ್ಟರು ಬಯ್ಯುತ್ತಾರೆ ಎಂದು ಅಷ್ಟು ಜನರನ್ನು ಕಳಿಸಿದವಳು ಇವಳೇನಾ ಎಂದು ಅವರಿಗೆಲ್ಲ ಅನ್ನಿಸಿರಬೇಕು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಚಿಕ್ಕಮ್ಮ ಬಂದು ನನ್ನ ಭುಜ ಹಿಡಿದು, ಸಾಕು ಬಿಡು ಮಗಳೇ, ಮುಚ್ಚು, ಎಂದು ಪಂಚೆಯನ್ನು ಪಾದದ ಮೇಲೆ ಎಳೆದು, ಹಾರವನ್ನು ಸರಿಯಾಗಿ ಇಟ್ಟರು. ನಾನು ಸುಮ್ಮನೆ ತಲೆಯಾಡಿಸಿದೆ. ಅವರು ಆ ಕಡೆ ತಿರುಗಿದ ಮೇಲೆ ಮತ್ತೆ ಸರಿಸಿದೆ.